ಮೂರು ಸೆಕೆಂಡಿನ ನಿಯಮ

ಭಾರತೀನಗರದ ಕಾಲೇಜೊಂದಕ್ಕೆ ಬ್ಯಾಸ್ಕೆಟ್‌ಬಾಲ್ ರೆಫರಿಯಾಗಿ ಹೋಗಿದ್ದೆ. ಆಟಗಾರರು ಕಾಟ ಕೊಡಲಿಲ್ಲ. ಕೊಟ್ಟವರು ಕಾಂಪೌಂಡ್ ಗೋಡೆ ಮೇಲೆ ಕಬ್ಬು ಸಿಗಿಯುತ್ತ ಕೂತಿದ್ದ ಅಭಿಮಾನಿಗಳು. ಅವರೂರಿನ ಹುಡುಗ ಕಾಲೇಜು ತಂಡದ ಸೆಂಟರ್, ಬುಟ್ಟಿ ಹತ್ತಿರ ಆಡುವವನು. ಮೊದಲ ವರ್ಷದ ಡಿಗ್ರಿ, ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ. ಎದುರಾಳಿಯ ಬುಟ್ಟಿ ಕೆಳಗೆ ಹೋಗಿ ನಿಂತನೆಂದರೆ ಅಲ್ಲಾಡುತ್ತಿರಲಿಲ್ಲ.

"ಓಡೋದು ನಾಯಿನೂ ಓಡ್ತದೆ ಕಣ್ಲಾ, ಇಂಗೆ ನಿಂತ್ಕಳಕ್ಕೆ ಗುಂಡಿಗೆ ಬೇಕು," ಎಂದು ಮೆಚ್ಚಿದರು ಮೀಸೆಯವರೊಬ್ಬರು.

ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನೋದು ಆಟದ ನಿಯಮ. ಸೀಟಿ ಊದಿ ಚೆಂಡನ್ನು ಎದುರು ತಂಡಕ್ಕೆ ಕೊಟ್ಟೆ. ಗೋಡೆ ಮೇಲಿದ್ದವರೆಲ್ಲ ಎದ್ದುಬಿಟ್ಟರು.

"ನಮ್ಮೂರ್ನಲ್ಲಿ ನಮ್ಮುಡ್ಗ ನಿಂತ್ಕಂಡ್ರೆ ನೀನ್ಯಾವನಯ್ಯಾ ಕೇಳಕ್ಕೆ?"

ಎದುರು ತಂಡದ ಸೆಂಟರಿಗೂ ಅದೇ ತಪ್ಪಿಗೆ ಊದಿದಾಗ ಮಾತ್ರ, "ರೂಲ್ಸು ಅಂದ್ರೆ ರೂಲ್ಸು ಕಣ್ಲಾ!" ಎಂದು ಚಪ್ಪಾಳೆ ತಟ್ಟಿದರು.

ಹುಡುಗ ಒಂದು ಸಲವೂ ಬುಟ್ಟಿಗೆ ಚೆಂಡು ಹಾಕದೆ ಅವರ ತಂಡ ಸೋತಿತು. ಸೋಲಿಸಿದವನು ನಾನು ಅಂತ ಗೋಡೆ ಮೇಲೇ ತೀರ್ಮಾನವಾಯಿತು.

ಸಂಜೆ ಮದ್ದೂರು ಬಸ್ಸಿಗೆ ಕಾಯುತ್ತ ನಿಂತರೆ ಪಕ್ಕದಲ್ಲಿ ಅದೇ ಮೀಸೆಯವರು. ಗಂಟೆಯಾದರೂ ಬಸ್ಸಿಲ್ಲ.

"ಏನ್ ಸಾ, ಆಗ್ಲಿಂದ ಒಂದೇ ಕಡೆ ನಿಂತಿದ್ದೀರಿ. ನಾವೇನಾರ ಸೀಟಿ ಊದುದ್ವಾ?"

ಅಷ್ಟರಲ್ಲಿ ಬಸ್ಸು ಬಂತು, ಬಾಗಿಲವರೆಗೂ ಜನ. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿಯೇ 'ರೈಟ್' ಅಂತ ಉದ್ದಕ್ಕೆ ಸೀಟಿ ಊದಿದ. ಬಸ್ಸು ಸ್ವಲ್ಪ ನಿಧಾನವಾದಂತೆ ಮಾಡಿ ಹೊರಟೇಹೋಯಿತು.

"ಇವ್ನೂ ನಿಮ್ ಪೈಕಿನೇ ಬುಡಿ," ಎಂದರು ಮೀಸೆಯವರು.

ಆ ದಿನ ನನ್ನ ಮೂರು ಸೆಕೆಂಡಿನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನು ಆ ಡ್ರೈವರ್ ಒಬ್ಬನೇ.