ರಿಬ್ಬನ್ ಅಕ್ಕನ ಭಾನುವಾರಗಳು

ಆ ದೊಡ್ಡ ಅಂಗಡಿಯ ಕೆಳಮಹಡಿಯಲ್ಲಿ, ಉಡುಗೊರೆ ಕಟ್ಟಿಕೊಡುವ ಮೇಜಿನ ಹಿಂದೆ ಹನ್ನೊಂದು ವರ್ಷದಿಂದ ನಿಂತವಳನ್ನು ಎಲ್ಲರೂ ರಿಬ್ಬನ್ ಅಕ್ಕ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಡಿಸೆಂಬರ್ ಬಂತೆಂದರೆ ಅವಳ ಕೈಗೆ ಪುರುಸೊತ್ತಿಲ್ಲ. ಚೆಂಡಾಗಲಿ, ಕೊಡೆಯಾಗಲಿ, ಮೂರು ಕಾಲಿನ ದೀಪವಾಗಲಿ, ಕಾಗದವನ್ನು ಒಂದೇ ಏಟಿಗೆ ಕತ್ತರಿಸಿ, ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ, ರಿಬ್ಬನ್ನಿನ ತುದಿಯನ್ನು ಕತ್ತರಿಯ ಅಲಗಿಗೆ ಎಳೆದು ಸುರುಳಿ ಮಾಡಿ ಮುಂದಕ್ಕೆ ತಳ್ಳಿದಳೆಂದರೆ, ಒಳಗೆ ಎರಡು ಕಾಸಿನ ಸಾಮಾನಿದ್ದರೂ ಅರಮನೆಗೆ ಹೊರಟ ಹಾಗೆ ಕಾಣಬೇಕು. ಜನವರಿಯಲ್ಲಿ ಅದೇ ಅಕ್ಕನನ್ನು ಮೇಲಿನ ಮಹಡಿಯ ವಾಪಸ್ ಕೌಂಟರಿಗೆ ಕಳಿಸುತ್ತಾರೆ. ಹಿಂದಿನ ತಿಂಗಳು ತಾನೇ ಕಟ್ಟಿದ್ದನ್ನು ಜನ ಬಿಚ್ಚಿ ತಂದು ಅವಳ ಮುಂದೆಯೇ ಕುಕ್ಕುತ್ತಾರೆ. ಅಳತೆ ಸರಿಯಿಲ್ಲ, ಮನೆಯಲ್ಲಿ ಆಗಲೇ ಒಂದಿದೆ, ಇಡಲು ಜಾಗವಿಲ್ಲ. ಕಾರಣಗಳೂ ವರ್ಷ ವರ್ಷ ಅವೇ.

ಇಷ್ಟೆಲ್ಲ ಕಣ್ಣಾರೆ ಕಂಡವಳು ತನ್ನ ಮನೆಯ ಕ್ರಿಸ್‌ಮಸ್‌ನಲ್ಲಾದರೂ ಬುದ್ಧಿ ಉಪಯೋಗಿಸಬೇಕಿತ್ತು. ಉಪಯೋಗಿಸಲಿಲ್ಲ. ಅದಕ್ಕೆ ಅರ್ಧ ಕಾರಣ ದೊಡ್ಡಮ್ಮ.

ಕ್ರಿಸ್‌ಮಸ್ ಮಧ್ಯಾಹ್ನ ಬಂಧುಬಳಗದ ಹದಿನಾಲ್ಕು ಜನ ಸೇರುವುದು ದೊಡ್ಡಮ್ಮನ ಮನೆಯಲ್ಲಿ. ಅಲ್ಲಿ ಉಡುಗೊರೆಗಳನ್ನು ಒಂದೊಂದಾಗಿ ಎಲ್ಲರೆದುರು ಬಿಚ್ಚಬೇಕು. ದೊಡ್ಡಮ್ಮ ಅದನ್ನು ಕೈಗೆತ್ತಿಕೊಂಡು, ಬುಡಮೇಲು ಮಾಡಿ ನೋಡಿ, ಎಷ್ಟಿರಬಹುದೆಂದು ಗಟ್ಟಿಯಾಗಿ ಹೇಳುತ್ತಾಳೆ. ಆ ಅಂದಾಜು ನಿಜವಾದ ಬೆಲೆಗಿಂತ ಯಾವಾಗಲೂ ಒಂದು ಕೈ ಕಡಿಮೆಯೇ. ಇನ್ನರ್ಧ ಕಾರಣ ರಿಬ್ಬನ್ ಅಕ್ಕನದೇ ಜಂಬ. ಗಂಡ ತೀರಿಹೋದ ಮೇಲೆ ಮಗಳನ್ನು ಒಬ್ಬಳೇ ಸಾಕುತ್ತಿದ್ದವಳಿಗೆ ಯಾರ ಬಾಯಲ್ಲೂ ‘ಪಾಪ’ ಎನ್ನಿಸಿಕೊಳ್ಳುವುದು ಆಗದು. ಹಾಗಾಗಿ ಹೋದ ವರ್ಷ ಹದಿಮೂರು ಜನರಿಗೂ ಒಂದಕ್ಕಿಂತ ಒಂದು ಜೋರಾದ ಉಡುಗೊರೆಗಳನ್ನು ತನ್ನ ಅಂಗಡಿಯಲ್ಲೇ ಕಂತಿನ ಮೇಲೆ ತೆಗೆದಳು.

ಕಂತು ತೀರಿಸಲು ಅವಳ ಹತ್ತಿರ ಮಾರುವಂಥದ್ದು ಒಂದೇ ಇತ್ತು, ವಾರದ ರಜೆ. ಜನವರಿಯಿಂದ ಅಕ್ಟೋಬರ್‌ವರೆಗೆ ಅಷ್ಟೂ ಭಾನುವಾರಗಳನ್ನು ಅಂಗಡಿಗೆ ಕೊಟ್ಟಳು. ನವೆಂಬರ್, ಡಿಸೆಂಬರ್‌ನಲ್ಲಂತೂ ಅಲ್ಲಿ ಯಾರಿಗೂ ರಜೆಯಿಲ್ಲ. ಎಂಟು ವರ್ಷದ ಮಗಳು ಪ್ರತಿ ಭಾನುವಾರ ಬೆಳಿಗ್ಗೆ ನೀರಿನ ಬಾಟಲಿ, ಬಣ್ಣದ ಪೆನ್ಸಿಲುಗಳನ್ನು ಚೀಲಕ್ಕೆ ಹಾಕಿಕೊಂಡು, ಕೆಳಗಿನ ಮನೆಯ ಹೊಲಿಗೆ ಅಜ್ಜಿಯ ಹತ್ತಿರ ಹೋಗಿ ಕೂರುವಳು. ಮೊದಮೊದಲು ಮುಖ ಊದಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ತಾಯಿಗೆ ಸಂಕಟವಾದದ್ದು ಆಗಲೇ.

ಆ ವರ್ಷದ ಅತಿ ದುಬಾರಿ ಉಡುಗೊರೆ ಅಣ್ಣನಿಗೆ ಕೊಟ್ಟದ್ದು. ಅಣ್ಣ ಕ್ಷೌರದ ಅಂಗಡಿ ಇಟ್ಟವನು, ದಿನವಿಡೀ ನಿಂತೇ ಕೆಲಸ. ಅದಕ್ಕೇ ಕರೆಂಟಿನಲ್ಲಿ ಕಾಲು ಒತ್ತುವ ಯಂತ್ರ. ಜನವರಿಯ ಎರಡನೇ ಭಾನುವಾರ ವಾಪಸ್ ಕೌಂಟರಿನ ಸಾಲು ಸರಿಯುತ್ತಾ ಬಂದು, ಅವಳ ಮುಂದೆ ನಿಂತವನು ಅದೇ ಅಣ್ಣ. ಕಂಕುಳಲ್ಲಿ ಅದೇ ಡಬ್ಬ. ತಂಗಿಗೆ ಭಾನುವಾರ ರಜೆ ಎಂದು ಲೆಕ್ಕ ಹಾಕಿಯೇ ಆ ದಿನ ಬಂದಿದ್ದ. ತಂಗಿ ಆ ಯಂತ್ರದ ಕಂತಿಗಾಗಿಯೇ ರಜೆ ಮಾರಿಕೊಂಡು ಅಲ್ಲಿ ನಿಂತಿದ್ದಳು. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು.

“ಬಿಲ್ ಇದೆಯಾ?” ಅಂದಳು ಅವಳು, ಎಲ್ಲರನ್ನೂ ಕೇಳುವ ದನಿಯಲ್ಲೇ.

ಇಲ್ಲವೆಂದು ಅವನು ತಲೆಯಾಡಿಸಿದ. ಡಬ್ಬ ತೆರೆದರೆ ಅವಳು ಕಟ್ಟಿದ್ದ ಕಾಗದ ನಾಲ್ಕು ಮಡಿಕೆಯಾಗಿ, ರಿಬ್ಬನ್ ಸುತ್ತಿಕೊಂಡು, ಒಳಗೇ ಇತ್ತು. ಬಿಲ್ಲಿಲ್ಲದೆಯೇ ಮುದ್ರೆ ಒತ್ತಿ, ಅಷ್ಟೇ ಬೆಲೆಗೆ ಬೇರೆ ಸಾಮಾನು ಕೊಳ್ಳುವ ಬದಲಿ ಚೀಟಿ ಕೊಟ್ಟಳು. ಅವನು ಅದನ್ನು ಹಿಡಿದು ನೆಟ್ಟಗೆ ಮಕ್ಕಳ ಶೂಗಳಿದ್ದ ಕಡೆ ಹೋದದ್ದು ಅವಳಿಗೆ ಕಂಡಿತು. ಆಮೇಲೆ ಆ ವಿಷಯಕ್ಕೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಫೆಬ್ರವರಿಯಲ್ಲಿ ಯಂತ್ರ ಅರ್ಧ ಬೆಲೆಯ ಕಪಾಟಿಗೆ ಬಂತು, ಮಾರ್ಚ್‌ನಲ್ಲಿ ಯಾರೋ ಒಯ್ದರು. ರಿಬ್ಬನ್ ಅಕ್ಕ ಮಾತ್ರ ಅಕ್ಟೋಬರ್‌ವರೆಗೆ ಅದರ ಕಂತು ಕಟ್ಟಿದಳು.

ಕೊನೆಯ ಕಂತು ಕಟ್ಟಿದ ಸಂಜೆ ಮಗಳ ಕೈಹಿಡಿದು ಮನೆಗೆ ಬರುತ್ತಿದ್ದಾಗ, ಸೈಕಲ್ ಅಂಗಡಿಯ ಗಾಜಿನಾಚೆ ಒಂದು ಕೆಂಪು ಸೈಕಲ್ ನಿಂತಿತ್ತು. ಮಗಳು ಅದನ್ನು ಬಹಳ ಹೊತ್ತು ನೋಡಿದಳು. ಬೇಕೆಂದು ಹಟ ಮಾಡಲಿಲ್ಲ.

“ಅಮ್ಮಾ, ಅದು ಎಷ್ಟು ಭಾನುವಾರ?” ಅಂದಳು.

ರಿಬ್ಬನ್ ಅಕ್ಕ ಮನೆ ತಲುಪುವಷ್ಟರಲ್ಲಿ ನಿರ್ಧಾರವಾಗಿಹೋಗಿತ್ತು. ಈ ಕ್ರಿಸ್‌ಮಸ್‌ಗೆ ಒಂದೇ ಒಂದು ಭಾನುವಾರವೂ ಮಾರಾಟಕ್ಕಿಲ್ಲ. ದೊಡ್ಡಮ್ಮ ಏನು ಬೇಕಾದರೂ ಅನ್ನಲಿ.

ಮೊದಲು ಹೋದದ್ದು ಅಣ್ಣನ ಅಂಗಡಿಗೆ, ಗಿರಾಕಿಗಳಿಲ್ಲದ ಮಧ್ಯಾಹ್ನ. ಕ್ಷೌರದ ಕುರ್ಚಿಯಲ್ಲೇ ಕೂತಳು. ಅವನು ಹಿಂದೆ ನಿಂತು ಬಾಚಣಿಗೆ ಒರೆಸುತ್ತಿದ್ದ. ಎದುರೆದುರು ಆಡಲಾಗದ ಮಾತು ಕನ್ನಡಿಯ ಮೂಲಕ ಸಲೀಸಾಗಿ ಬಂತು.

“ಅಣ್ಣ, ಈ ಸಲ ನಾನು ಕಂತಿನ ಮೇಲೆ ಏನೂ ತಗೊಳ್ಳಲ್ಲ. ನಿನಗೂ ಹೊಸದು ಏನೂ ಕೊಡಲ್ಲ. ನೀನೂ ನನ್ನ ಮಗಳಿಗೆ ಕೊಡಬೇಡ.”

ಅಣ್ಣ ಬಾಚಣಿಗೆ ಕೆಳಗಿಟ್ಟ. “ಹೋದ ಕ್ರಿಸ್‌ಮಸ್‌ಗೆ ನಿನ್ನ ಮಗಳಿಗೆ ಗೊಂಬೆ ಮನೆ ಕೊಟ್ನಲ್ಲ, ಅದರ ಕಂತು ಮುಗಿದಿದ್ದು ಆಗಸ್ಟಲ್ಲಿ ಕಣೇ. ಮಕ್ಕಳಿಗೆ ಸ್ಕೂಲಿಗೆ ಶೂ ಇರಲಿಲ್ಲ. ಅದಕ್ಕೇ ಅವತ್ತು…”

ಮುಂದಿನದನ್ನು ಹೇಳಬೇಕಾಗಲಿಲ್ಲ. ಇವಳು ಅವನಿಗೆ, ಅವನು ಇವಳ ಮಗಳಿಗೆ, ಇಬ್ಬರೂ ದೊಡ್ಡಮ್ಮನ ಬಾಯಿಗೆ ಹೆದರಿ ಸಾಲ ಹೊತ್ತಿದ್ದರು. ರಿಬ್ಬನ್ ಅಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ತಾನು ಯೋಚಿಸಿಕೊಂಡು ಬಂದದ್ದನ್ನು ಬಿಡಿಸಿ ಹೇಳಿದಳು. ವಾಪಸ್ ಕೌಂಟರಿಗೆ ಬರದ ಸಾಮಾನಿಲ್ಲ, ಆದರೆ ರಿಪೇರಿಯಾದ ತಮ್ಮದೇ ಸಾಮಾನನ್ನು ಯಾರೂ ಈವರೆಗೆ ತಂದದ್ದಿಲ್ಲ. ಪ್ರತಿ ಮನೆಯಲ್ಲೂ ಏನಾದರೊಂದು ಕೆಟ್ಟು ಮೂಲೆ ಸೇರಿರುತ್ತದೆ. ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಬಂದು, ಸರಿಮಾಡಿಸಿ, ಚೆನ್ನಾಗಿ ಕಟ್ಟಿಕೊಡುವುದು. ದೊಡ್ಡಮ್ಮ ಎಲ್ಲರೆದುರು ಮಾನ ತೆಗೆದರೆ ಏನು ಮಾಡುವುದೆಂದು ಅಣ್ಣ ಕೇಳಿದ. ತೆಗೆಯಲಿ, ಮಾನಕ್ಕೆ ಕಂತಿಲ್ಲವಲ್ಲ ಅಂದಳು ತಂಗಿ.

ಅಲ್ಲಿಂದ ಇಬ್ಬರೂ ಕಳ್ಳರಾದರು. ಚಿಕ್ಕಪ್ಪನ ಕಡ್ಡಿ ಮುರಿದ ಕೊಡೆ, ಅತ್ತಿಗೆಯ ಜಿಪ್ಪು ಕಿತ್ತ ಚೀಲ, ಹುಡುಗರ ಗಾಳಿ ನಿಲ್ಲದ ಚೆಂಡು, ಒಂದೊಂದಾಗಿ ಮನೆ ಬಿಟ್ಟು ಬಂದವು. ಚೀಲ ಹೊಲಿದವಳು ಕೆಳಗಿನ ಮನೆಯ ಅಜ್ಜಿ. ಹೋದ ವರ್ಷದ ಕಾಗದ, ರಿಬ್ಬನ್ನುಗಳನ್ನೆಲ್ಲ ರಿಬ್ಬನ್ ಅಕ್ಕ ಇಸ್ತ್ರಿ ಹಾಕಿ ನೀಟು ಮಾಡಿದಳು. ಎಲ್ಲಕ್ಕಿಂತ ಕಷ್ಟದ್ದು ದೊಡ್ಡಮ್ಮನ ಗೋಡೆ ಗಡಿಯಾರ. ದೊಡ್ಡಪ್ಪ ಇದ್ದಾಗ ಅವರೇ ಕೀಲಿ ಕೊಡುತ್ತಿದ್ದ ಗಡಿಯಾರ ನಾಲ್ಕು ವರ್ಷದ ಹಿಂದೆ ನಿಂತುಹೋಗಿ, ಬಟ್ಟೆ ಸುತ್ತಿಕೊಂಡು ಕಪಾಟಿನ ಮೇಲೆ ಕೂತಿತ್ತು. ಅದರ ಮೊಳೆಗೆ ಈಗ ಒಂದು ಕ್ಯಾಲೆಂಡರು ನೇತಾಡುತ್ತಿತ್ತು. ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಅಣ್ಣ ಅದನ್ನು ಹೊದಿಕೆಯಡಿ ಸಾಗಿಸಿದ. ಗಡಿಯಾರ ರಿಪೇರಿಯವನು ಅವನ ಗಿರಾಕಿಯೇ. ಒಂದು ವರ್ಷದ ಕ್ಷೌರ ಬಿಟ್ಟಿ ಎಂದು ಒಪ್ಪಂದವಾಯಿತು.

ಇಷ್ಟಾದರೂ ರಿಬ್ಬನ್ ಅಕ್ಕನ ಮನಸ್ಸು ಒಮ್ಮೆ ಕಾಲು ಜಾರಿತು. ಡಿಸೆಂಬರ್ ಎರಡನೇ ವಾರ ಮೇಲ್ವಿಚಾರಕ ನೌಕರರಿಗೆಲ್ಲ ಕಂತಿನ ಫಾರಂ ಹಂಚಿದ. ಮೊದಲ ಕಂತು ಮಾರ್ಚ್‌ನಲ್ಲಿ ಕೊಟ್ಟರೆ ಸಾಕಂತೆ. ಅವಳ ಕಣ್ಣ ಮುಂದೆ ಕೆಂಪು ಸೈಕಲ್ ಬಂತು. ಮಗಳು ಅದರ ಮೇಲೆ ಕೂತದ್ದೂ ಕಂಡಿತು. ಪೆನ್ನಿನ ಮುಚ್ಚಳ ತೆಗೆದಳು. ಮಗಳು ಸೈಕಲ್ ಹೊಡೆಯುವುದನ್ನು ನೋಡಲು ತಾನು ಯಾವ ಭಾನುವಾರ ಮನೆಯಲ್ಲಿರುತ್ತೇನೆ ಎಂಬ ಪ್ರಶ್ನೆ ಅಷ್ಟರಲ್ಲಿ ಎದ್ದಿತು. ಮುಚ್ಚಳ ಹಾಕಿದಳು. ಫಾರಂ ದಪ್ಪ ಕಾಗದದ್ದಿತ್ತು. ಕತ್ತರಿಸಿ ಹದಿಮೂರು ಹೆಸರಿನ ಚೀಟಿ ಮಾಡಿಕೊಂಡಳು.

ಕ್ರಿಸ್‌ಮಸ್ ಮಧ್ಯಾಹ್ನ ಊಟ ಮುಗಿದು ಉಡುಗೊರೆಗಳ ಸರದಿ ಬಂತು. ರಿಬ್ಬನ್ ಅಕ್ಕನ ಪೊಟ್ಟಣಗಳ ಅಂದ ನೋಡಿ ಎಲ್ಲರೂ ಭಾರೀ ಬೆಲೆಯದೇ ಇರಬೇಕೆಂದುಕೊಂಡರು. ಚಿಕ್ಕಪ್ಪ ತನ್ನ ಕೊಡೆಯನ್ನು ಗುರುತು ಹಿಡಿಯಲು ಎರಡು ಸಲ ಬಿಚ್ಚಿ ಮುಚ್ಚಬೇಕಾಯಿತು. ದೊಡ್ಡಮ್ಮ ಕೊಡೆಯನ್ನು ಬುಡಮೇಲು ಮಾಡಿದಳು, ಚೀಲವನ್ನೂ ಮಾಡಿದಳು, ಮುಖ ಗಂಟಿಕ್ಕಿದಳು.

“ನಮ್ಮ ಹಳೇ ಸಾಮಾನನ್ನೇ ಕಟ್ಟಿ ನಮಗೇ ಕೊಡ್ತಿದೀಯಾ?”

“ಹೌದು ದೊಡ್ಡಮ್ಮ, ಹಳೇದೇ. ಹೊಸದಕ್ಕೆ ನನ್ನ ಹತ್ರ ಆಗಲ್ಲ. ಹೋದ ವರ್ಷವೂ ಆಗ್ತಿರಲಿಲ್ಲ, ಹೇಳೋಕೆ ನಾಚಿಕೆಯಾಗಿತ್ತು.”

ಆಗ ಅಣ್ಣ ಎದ್ದು ನಿಂತು, ಕಾಲು ಒತ್ತುವ ಯಂತ್ರವನ್ನು ತಾನು ವಾಪಸ್ ಕೊಟ್ಟು ಶೂ ತಂದದ್ದನ್ನೂ, ತಂಗಿ ಹತ್ತು ತಿಂಗಳ ಭಾನುವಾರಗಳನ್ನು ಅದಕ್ಕೆ ತೆತ್ತದ್ದನ್ನೂ ತೊದಲುತ್ತಲೇ ಎಲ್ಲರೆದುರು ಹೇಳಿಬಿಟ್ಟ. ಹೇಳಿ ಮುಗಿಸಿ, ಉಳಿದಿದ್ದ ಪೊಟ್ಟಣವನ್ನು ದೊಡ್ಡಮ್ಮನ ತೊಡೆಯ ಮೇಲಿಟ್ಟ.

ಕಾಗದ ಬಿಡಿಸುವ ಮುಂಚೆಯೇ ಒಳಗಿಂದ ಟಿಕ್ ಟಿಕ್ ಕೇಳಿಸಿತು. ದೊಡ್ಡಮ್ಮನ ಕೈ ನಿಂತಿತು. ಆಮೇಲೆ ಮೆಲ್ಲಗೆ ಬಿಡಿಸಿದಳು. ಈ ಸಲ ಬುಡಮೇಲು ಮಾಡಲಿಲ್ಲ, ಬೆಲೆ ಹೇಳಲಿಲ್ಲ. ಗಡಿಯಾರವನ್ನು ಕಿವಿಗಿಟ್ಟುಕೊಂಡು ಕೇಳಿದಳು. ಕೊನೆಗೆ ಕುರ್ಚಿ ಎಳೆದುಕೊಂಡು ಹತ್ತಿ, ಮೊಳೆಯಿಂದ ಕ್ಯಾಲೆಂಡರು ತೆಗೆದು ಅಣ್ಣನ ಕೈಗೆ ಕೊಟ್ಟಳು. ಅದೇ ಕುರ್ಚಿಯ ಮೇಲಿಂದ, ಮುಂದಿನ ವರ್ಷಕ್ಕೆ ತನ್ನ ಇಸ್ತ್ರಿ ಪೆಟ್ಟಿಗೆ ಕೆಟ್ಟಿರುತ್ತದೆ, ನೆನಪಿಟ್ಟುಕೊಳ್ಳಿ ಎಂದೂ ಹೇಳಿದಳು.

ಜನವರಿಯ ಮೊದಲ ಭಾನುವಾರ. ರಿಬ್ಬನ್ ಅಕ್ಕ ಎಂಟೂವರೆಗೆ ಎದ್ದು ಬಂದಾಗ ಮಗಳು ಆಗಲೇ ಶೂ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ನಿಂತಿದ್ದಳು. ಬಾಟಲಿಗೆ ತಾನೇ ನೀರು ತುಂಬಿಕೊಂಡಿದ್ದಳು.

“ಶೂ ಬಿಚ್ಚು ಪುಟ್ಟಿ. ಇವತ್ತು ನಾನು ಅಂಗಡಿಗೆ ಹೋಗಲ್ಲ.”

“ಮುಂದಿನ ಭಾನುವಾರ?”

“ಅದೂ ನಮ್ದೇ.”

ಮಗಳು ಚೀಲ ಇಳಿಸಿ ಹೊಸ್ತಿಲ ಮೇಲೆ ಕೂತು, ಒಂದು ಶೂ ಬಿಚ್ಚಿದಳು. ಇನ್ನೊಂದನ್ನು ಬಿಚ್ಚದೆ ತಾಯಿಯನ್ನೇ ನೋಡುತ್ತಿದ್ದಳು. ರಿಬ್ಬನ್ ಅಕ್ಕ ನಂಬಿಸಲು ಹೋಗಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತು ಕಾಲು ಚಾಚಿದಳು. ಗಂಟೆ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅಂಗಡಿಯ ಕಡೆ ಹೋಗುವ ಬಸ್ಸು ಕೆಳಗೆ ನಿಂತು ಹೊರಟುಹೋಯಿತು. ಅದು ತಿರುವು ದಾಟಿದ ಮೇಲೆ ಮಗಳು ಎರಡನೇ ಶೂ ಬಿಚ್ಚಿ, ಮೊದಲನೆಯದರ ಪಕ್ಕ ಜೋಡಿಸಿಟ್ಟಳು.