ಕರಗಿದ ರೆಕ್ಕೆ

ಇದನ್ನು ಬರೆಯುವುದನ್ನು ವರ್ಷಗಳಿಂದ ಮುಂದೂಡುತ್ತಲೇ ಬಂದೆ.

ಅಂದು ಬೆಳಿಗ್ಗೆ ಪುಟ್ಟ ವಿಮಾನವೊಂದು ಹಾರುವುದನ್ನು ನೋಡಲು ನಮ್ಮ ಕಾಫಿ ಕಣದಲ್ಲಿ ಜನ ಸೇರಿದ್ದರು. ಕೊಟ್ಟಿಗೆಹಾರದಲ್ಲಿ ಟಿ.ವಿ. ರಿಪೇರಿ ಮಾಡುವ ನನ್ನ ಗೆಳೆಯ ಮಳೆಗಾಲವಿಡೀ ಕೂತು, ಫೋಮ್ ಹಾಳೆ ಕತ್ತರಿಸಿ ಅಂಟಿಸಿ, ರಿಮೋಟಿನಿಂದ ಹಾರುವ ಆ ಜೆಟ್ ವಿಮಾನ ಮಾಡಿದ್ದ. ಬಣ್ಣ ಹಚ್ಚುವುದಷ್ಟೇ ನನ್ನ ಕೆಲಸ. "ನೀರಿನ ಪೇಂಟೇ ಹಚ್ಚು. ಸ್ಪ್ರೇ ಹೊಡೆದ್ರೆ ಫೋಮ್ ಕರಗ್ತದೆ" ಎಂದು ಹೇಳಿಯೇ ಕೊಟ್ಟಿದ್ದ. ಹೊಳಪು ಬರಲೆಂದು ನಾನು ಗೇಟಿಗೆ ಬಳಿಯಲು ತಂದಿದ್ದ ಸ್ಪ್ರೇ ಪೇಂಟನ್ನೇ ಹೊಡೆದೆ. ರೆಕ್ಕೆಗಳು ಕರಗಿ ಗುಳಿಬಿದ್ದವು. ಅವನಿಗೆ ಹೇಳಲು ಧೈರ್ಯವಾಗದೆ ಹಾಗೆಯೇ ಕಣಕ್ಕೆ ತಂದಿಟ್ಟೆ.

ಅವನು ಬಂದು ನೋಡಿ ದಂಗಾಗಿ ನಿಂತ. ನಾನೇ ಮೊದಲು ಬಾಯಿಬಿಟ್ಟೆ: "ಎಂಥ ಫೋಮ್ ತಂದಿದ್ದೀಯ ಮಾರಾಯ! ನೀರಿನ ಪೇಂಟಿಗೇ ಕರಗಿತಲ್ಲ!"

"ಟಿ.ವಿ. ಬಿಚ್ಚಿದ ಹಾಗಲ್ಲ ಅದು, ವಿಮಾನ!" ಎಂದು ಯಾರೋ ಹಂಗಿಸಿದರು. ಎಲ್ಲರೂ ನಕ್ಕರು.

ಅವನು ರೆಕ್ಕೆಯನ್ನು ಮೂಗಿನ ಹತ್ತಿರ ಹಿಡಿದ. ಸ್ಪ್ರೇಯ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, "ಹೌದು, ಫೋಮ್ ಸರಿ ಇಲ್ಲ. ನಾನೇ ನೋಡಿ ತರ್ಬೇಕಿತ್ತು" ಎಂದ. ವಿಮಾನವನ್ನು ಎತ್ತಿಕೊಂಡು ಬಸ್ಸಿಗೆ ನಡೆದ. ಮತ್ತೆಂದೂ ಅವನು ವಿಮಾನ ಮಾಡಲಿಲ್ಲ. ನಾನು ಅವನ ಅಂಗಡಿಯ ಮುಂದೆ ಹೋಗುವಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ, ಒಳಗೆ ಹೋಗಲಿಲ್ಲ. ಈ ವರ್ಷ ಅವನು ತೀರಿಕೊಂಡ.

ಅಂದು ನಕ್ಕವರಿಗೆ ತಿಳಿದಿರಲಿ: ಫೋಮ್ ಸರಿಯಾಗಿತ್ತು, ಕೆಲಸವೂ ಅಚ್ಚುಕಟ್ಟಾಗಿತ್ತು. ನನ್ನ ಮಾನ ಉಳಿಸಲು ತನ್ನದಲ್ಲದ ತಪ್ಪನ್ನು ಹೊತ್ತವನು, ನಾನು ಕ್ಷಮೆ ಕೇಳದೆ ಕಳೆದುಕೊಂಡವನು, ಹಮೀದ್.