ಎಸ್ಟೋನಿಯಾ ಎಸ್ಟೇಟ್

ಸೊಸೆ ಹಿತ್ತಲಲ್ಲಿ ಕೂತು ಹಿತ್ತಾಳೆ ದೀಪಕ್ಕೆ ಕಾಚಂಪುಳಿ ಹಚ್ಚಿ ತಿಕ್ಕುತ್ತಿದ್ದಾಳೆ. ಆ ಹುಳಿಯ ವಾಸನೆಗೆ ನಿಮಗೆ ಹಂದಿ ಸಾರು ನೆನಪಾದೀತು. ನನಗೆ ನೆನಪಾಗುವುದು ಬ್ಯಾಂಡಿನ ತುತ್ತೂರಿ, ಕಾರ್ನೆಟ್ಟು. ಸೀಮೆಯ ಪಾಲಿಷಿಗಿಂತ ನಮ್ಮ ಕಾಚಂಪುಳಿಯಲ್ಲೇ ವಾದ್ಯಗಳು ಚೆನ್ನಾಗಿ ಹೊಳೆಯುತ್ತವೆ ಎಂದು ತೋರಿಸಿಕೊಟ್ಟವರು ಕೊಡಗಿನವರಲ್ಲ, ನಮ್ಮ ಬ್ಯಾಂಡ್ ಮೇಷ್ಟ್ರು. ಅಡುಗೆಯ ಹುಳಿಯನ್ನು ತುತ್ತೂರಿಗೆ ಸುರಿಯುತ್ತಾರೆಂದು ಆಗ ಊರೆಲ್ಲ ನಕ್ಕಿತ್ತು.

ಬೆಳಿಗ್ಗೆಯಿಂದ ನನ್ನ ಮನಸ್ಸು ಸರಿಯಿಲ್ಲ. ಸುಂಟಿಕೊಪ್ಪದ ಶಾಲೆಯೊಂದರ ಸಂಗೀತದ ಟೀಚರಮ್ಮ ಇವತ್ತು ಬ್ಯಾಂಡಿನವರು ನುಡಿಸುವ ಒಂದು ಹಳೆಯ ಮಾರ್ಚಿನ ಸ್ವರದ ಹಾಳೆ ಕೇಳಿಕೊಂಡು ಬರುತ್ತಾಳೆ. ಅವಳು ಬರುವ ಮುಂಚೆ ಅದರ ಕತೆಯನ್ನು ನಿಮಗಾದರೂ ಹೇಳಿಬಿಡುತ್ತೇನೆ.

ಮೇಷ್ಟ್ರ ಹೆಸರು ಯುಹಾನ್. ಹದಿನಾರನೆಯ ವಯಸ್ಸಿಗೆ ರಷ್ಯದ ಚಕ್ರವರ್ತಿಯ ಪಲ್ಟನ್ನಿನಲ್ಲಿ ತುತ್ತೂರಿ ಊದಿ, ತಮ್ಮ ಪುಟ್ಟ ದೇಶ ಸ್ವತಂತ್ರವಾದಾಗ ಅಲ್ಲಿನ ಸೇನೆಯ ಬ್ಯಾಂಡು ನಡೆಸಿ, ಮೇಲಿನವರ ಹತ್ತಿರ ಜಗಳವಾಡಿ ಹಡಗಿನ ವಾದ್ಯಗಾರರಾಗಿ, ಮಂಗಳೂರಿನಲ್ಲಿ ಜ್ವರ ಹಿಡಿದು ಇಳಿದವರು. ಯಾರೋ ಪ್ಲಾಂಟರ್ ದೊರೆ ಅವರನ್ನು ಘಟ್ಟ ಹತ್ತಿಸಿದ. ಮಡಿಕೇರಿಯಲ್ಲಿ ಆಗ ಇದ್ದ ಸಣ್ಣ ಪಡೆಯೊಂದರ ಬ್ಯಾಂಡಿಗೆ ಅವರು ಮೇಷ್ಟ್ರಾದರು. ನಾನು ಅದರಲ್ಲಿ ಎರಡನೇ ಕಾರ್ನೆಟ್ಟು. ಅಂದರೆ, ಮೊದಲನೆಯವನಿಗೆ ಕೆಮ್ಮು ಬಂದರೆ ಮಾತ್ರ ಜನರಿಗೆ ಕೇಳಿಸುವವನು.

"ನಾನು ಎಸ್ಟೋನಿಯಾ" ಎಂದು ಅವರು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ನಮ್ಮಲ್ಲಿ ಎಸ್ಟೇಟುಗಳಿಗೆ ದೊರೆಗಳು ತಮ್ಮ ಹೆಂಡತಿ, ನಾಯಿ, ಹುಟ್ಟೂರು ಎಲ್ಲದರ ಹೆಸರನ್ನೂ ಇಟ್ಟಿದ್ದರಲ್ಲ, ಹಾಗಾಗಿ ದೊಡ್ಡ ಡೋಲು ಹೊಡೆಯುವ ಬೋಪಯ್ಯ ಮೊದಲ ದಿನವೇ ಕೇಳಿದ್ದ: "ಅದು ಯಾವ ಬದಿ ಎಸ್ಟೇಟ್ ಮೇಷ್ಟ್ರೇ? ಕಕ್ಕಬೆ ಬದಿಯದಾ?"

"ಎಸ್ಟೇಟ್ ಇಲ್ಲಾ! ದೇಶ! ದೇಶ!"

"ಓ, ಅಷ್ಟು ದೊಡ್ಡದುಂಟಾ!" ಎಂದ ಬೋಪಯ್ಯ. ತಮಾಷೆ ಮಾಡುತ್ತಿದ್ದಾನೆಂದು ಮೇಷ್ಟ್ರು ತಿಳಿದರು. ಅವನು ತಮಾಷೆ ಮಾಡಿರಲಿಲ್ಲ. ಅದು ಯಾವುದೋ ದೊಡ್ಡ ಎಸ್ಟೇಟೆಂದೇ ನಾನೂ ನಂಬಿದ್ದೆ.

ಯುದ್ಧ ಶುರುವಾಯಿತು. ಒಂದು ದಿನ ಮೇಷ್ಟ್ರು ಪತ್ರಿಕೆಯ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತಿದ್ದರು. ಅವರ ದೇಶವನ್ನು ರಷ್ಯ ನುಂಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಅದೇ ವಾರ ಒಂದು ಮಾರ್ಚು ಬರೆದು ನಮಗೆ ಕಲಿಸಲು ತೊಡಗಿದರು. ಯುದ್ಧನಿಧಿಯ ಸಮಾರಂಭದಲ್ಲಿ ನುಡಿಸಬೇಕು, ನುಡಿಸುವ ಮೊದಲು ಅದರ ಹೆಸರನ್ನು ಜೋರಾಗಿ ಓದಬೇಕು. "ಒಂದು ಸಲ. ಎಲ್ಲಾ ಜನ ಕೇಳಬೇಕು. ಸಾಕು" ಎಂದರು. ಆ ಮನುಷ್ಯ ಕೊಡಗಿನಲ್ಲಿ ಯಾರಿಂದಲೂ ಬೇರೇನೂ ಕೇಳಿದ್ದಿಲ್ಲ.

ಕಾರ್ಯಕ್ರಮದ ಪಟ್ಟಿ ಟೈಪು ಮಾಡುವುದು ನನ್ನ ಕೆಲಸ. ಬ್ಯಾಂಡಿಗೆ ಸೇರುವ ಮೊದಲು ಎರಡು ವರ್ಷ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನಗೆ ಇಂಗ್ಲಿಷಿನ ಹಮ್ಮು ಬೇರೆ. ಅಲ್ಪ ವಿದ್ಯಾ ಮಹಾಗರ್ವಿ. ಮೇಷ್ಟ್ರು ಪೆನ್ಸಿಲಿನಲ್ಲಿ 'ಎಸ್ಟೋನಿಯಾ ಮಾರ್ಚ್' ಎಂದು ಬರೆದಿದ್ದರು. ಪಾಪ, ಒಂದು ಪದ ಬಿಟ್ಟಿದ್ದಾರೆ ಎಂದುಕೊಂಡು, ಉಪಕಾರ ಮಾಡುವವನ ಹಾಗೆ ನಾನೇ ತುಂಬಿಸಿದೆ.

"ಎಸ್ಟೋನಿಯಾ ಎಸ್ಟೇಟ್ ಮಾರ್ಚ್!" ಎಂದು ಸಮಾರಂಭದಲ್ಲಿ ನಮ್ಮ ಪಡೆಯ ಬಿಳಿಯ ಅಧಿಕಾರಿ ಓದಿದ. ದೊರೆಗಳೆಲ್ಲ ತಮಗಾಗಿಯೇ ಕಟ್ಟಿದ ರಾಗವೆಂದು ಹೋ ಎಂದು ಚಪ್ಪಾಳೆ ತಟ್ಟಿದರು. ತಾಳಕ್ಕೆಂದು ಮೇಲೆತ್ತಿದ ಮೇಷ್ಟ್ರ ಕೈ ಅಲ್ಲೇ ನಿಂತಿತು. ಕೊನೆಗೆ ನುಡಿಸಿಯೇ ನುಡಿಸಿದೆವು. ಮುಗಿದಾಗ ಒಬ್ಬ ದೊರೆ ಬಂದು, ಎಷ್ಟು ಎಕರೆ, ಕಾಫಿಯೋ ಏಲಕ್ಕಿಯೋ ಎಂದು ವಿಚಾರಿಸಿದ.

"ಯಾರು ಟೈಪು?" ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ನನ್ನ ಮೇಲೆ ಅನುಮಾನವಿದ್ದು ಕೇಳಿದ್ದಲ್ಲ. ನನಗೆ ಗೊತ್ತಿರಬಹುದೆಂದು ಕೇಳಿದ್ದು. ನಾನು ತುಂಬಿಸಿದ ಪದವೇ ಎಲ್ಲ ಕೆಡಿಸಿತೆಂದು ಆಗಲೇ ನನಗೆ ಅರ್ಥವಾಗಿತ್ತು. ನಾನು ಹೇಳಿದೆ: "ಆಫೀಸಿನವರು ಬದಲಾಯಿಸಿದ್ದು, ಮೇಷ್ಟ್ರೇ."

ಅವರು ನೇರ ಅಧಿಕಾರಿಯ ಕೋಣೆಗೆ ನುಗ್ಗಿದರು. ನಾನು ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಅಧಿಕಾರಿ ನಗುತ್ತಲೇ ಹೇಳಿದ, "ನಿನ್ನ ದೇಶ ಈಗ ನಕ್ಷೆಯಲ್ಲೇ ಇಲ್ಲ. ಎಸ್ಟೇಟಾದರೂ ಇರಲಿ ಬಿಡಯ್ಯ." ಏನೋ ಬಡಿದ ಸದ್ದು. ಆಮೇಲೆ ನೋಡಿದರೆ ಮೇಜಿನ ಮೇಲೆ ಮುರಿದ ಬೆತ್ತ, ಅವರು ತಾಳ ತೋರಿಸುತ್ತಿದ್ದದ್ದು. ಮೇಲಧಿಕಾರಿಗೆ ಎದುರಾಡಿದ್ದಕ್ಕೆ ಮಾರನೆಯ ದಿನವೇ ಕೆಲಸದಿಂದ ತೆಗೆದರು. ಕುಟ್ಟದ ಕಡೆ ಹೋಗುವ ಲಾರಿ ಹತ್ತುವಾಗ ನನ್ನ ಭುಜ ತಟ್ಟಿ, "ನೀನು ಒಳ್ಳೆ ಹುಡುಗ" ಎಂದರು. ಆ ಮಾತಿನ ಬದಲು ಕೆನ್ನೆಗೆ ಬಾರಿಸಿದ್ದರೆ ನಾನು ಇಷ್ಟು ವರ್ಷ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಗಡಿ ದಾಟಿ ಕೇರಳದ ಕಡೆ ಹೋದ ಮೇಲೆ ಅವರು ಏನಾದರೋ ಯಾರಿಗೂ ತಿಳಿಯಲಿಲ್ಲ.

ಖಾಲಿಯಾದ ಜಾಗಕ್ಕೆ ಯಾರು ಬಂದರು ಎಂದು ಕೇಳುತ್ತೀರಾ? ನಾನೇ. ಬ್ರಿಟಿಷರು ಹೋಗುವ ತನಕ ಪ್ರತಿ ಡಿನ್ನರಿನಲ್ಲೂ ದೊರೆಗಳು "ನಮ್ಮ ಎಸ್ಟೇಟ್ ಮಾರ್ಚ್!" ಎಂದು ಕೂಗುತ್ತಿದ್ದರು; ನಾನು ಬಾಗಿ ನಮಸ್ಕರಿಸಿ ನುಡಿಸುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಆದರೆ ಮಾನ ಹೋದದ್ದು ಮೇಷ್ಟ್ರದು, ಆನೆ ಸಿಕ್ಕಿದ್ದು ನನಗೆ.

ಟೀಚರಮ್ಮ ಬಂದಳು. ಪೆಟ್ಟಿಗೆಯಿಂದ ಹಾಳೆ ತೆಗೆದೆ; ಅದರ ತಲೆಯಲ್ಲೂ ಟೈಪು ಮಾಡಿದ ಅದೇ ಹೆಸರು. ಕೊಡುವ ಮುಂಚೆ ಪೆನ್ನಿನಿಂದ 'ಎಸ್ಟೇಟ್' ಎಂಬುದನ್ನು ಹೊಡೆದುಹಾಕಿದೆ.

"ಅಯ್ಯೋ, ಅದನ್ನು ಯಾಕೆ ಹೊಡೀತೀರಿ ಅಜ್ಜ? ಪ್ಲಾಂಟರ್‌ಗಳ ಫಂಕ್ಷನ್‌ಗೇ ನುಡಿಸೋದು. ಎಸ್ಟೇಟ್ ತೆಗೆದ್ರೆ ಇದು ಎಂಥದ್ದು ಅಂತ ಯಾರಿಗೆ ಗೊತ್ತಾಗ್ತದೆ?"

"ಅದೊಂದು ದೇಶ."

"ಹೌದಾ? ಮತ್ತೆ ಎಸ್ಟೇಟ್ ಅಂತ ಟೈಪು ಮಾಡಿದ್ದು ಯಾರು?"

ಹಿತ್ತಲಲ್ಲಿ ಸೊಸೆ ದೀಪ ತಿಕ್ಕುವುದನ್ನು ನಿಲ್ಲಿಸಿದ್ದಳು. ಅದೇ ಪ್ರಶ್ನೆ, ನಲವತ್ತು ವರ್ಷ ಕಳೆದು.

"ಆಫೀಸಿನವರಲ್ಲ" ಎಂದೆ. "ನಾನು."